ಆಕರ, ಮುದ್ರೆ, ಭೃತಿ: ಹಟ್ಟಿಯ ಚಿನ್ನದ ಗಣಿಯೂ ವಿದೇಶೀಯ ಉದ್ಯಮದ ನಿಯಮಗಳೂ

'ಪರದೇಶಿ' ಎಂಬ ಶಬ್ದಕ್ಕೆ ಈಗಿನ ಆಡುನುಡಿಯಲ್ಲಿ ದಿಕ್ಕಿಲ್ಲದವನೆಂಬ ಅರ್ಥವು ರೂಢವಾಗಿದೆ. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಾದರೋ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬಿವು ವರ್ತಕಸಮೂಹಗಳಿಗೆ ಸಲ್ಲುತ್ತಿದ್ದ ಗೌರವದ ಹೆಸರುಗಳು. ಹೀಗೆ ಒಂದೇ ಶಬ್ದವು ಬಂಡವಾಳದೊಡನೆ ಬಂದವನಿಗೂ ಬರಿಗೈಯಲ್ಲಿ ಬಂದವನಿಗೂ ಅನ್ವಯಿಸಿರುವುದು ವಿಚಾರಾರ್ಹವಾಗಿದೆ. ಹೊರನಾಡಿನವನನ್ನು ಒಂದು ನಾಡು ಯಾವ ನಿಯಮದಿಂದ ಬರಮಾಡಿಕೊಳ್ಳುವುದು, ಅವನ ಉದ್ಯಮದಲ್ಲಿ ದುಡಿಯುವ ತನ್ನವರಿಗೆ ಯಾವ ರಕ್ಷೆಯನ್ನು ಕೊಡುವುದು ಎಂಬ ಪ್ರಶ್ನೆಗೆ ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯು ಒಳ್ಳೆಯ ದೃಷ್ಟಾಂತವಾಗಿದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆಯ ಮೂರು ಅಂಗಗಳೂ ಬೇರೆ ಬೇರೆಯಾಗಿ ನಿರೂಪಿತವಾಗಿವೆ. ಮೊದಲನೆಯದು ಆಕರ, ಎಂದರೆ ಗಣಿ. ವೆಚ್ಚವೂ ಶ್ರಮವೂ ಅಧಿಕವಾಗಿರುವ ಗಣಿಯನ್ನು ರಾಜನು ಪಾಲಿಗಾಗಲಿ ಗುತ್ತಿಗೆಗಾಗಲಿ ಇತರರಿಗೆ ಕೊಡಬಹುದು. ಸುಲಭವಾದುದನ್ನು ತಾನೇ ನಡೆಯಿಸಬೇಕು. ಎರಡನೆಯದು ಮುದ್ರೆ. ಮುದ್ರಾಧ್ಯಕ್ಷನೆಂಬ ಅಧಿಕಾರಿಯು ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡುವನು. ಅದುಳ್ಳವನಿಗೆ ಮಾತ್ರವೇ ಜನಪದದೊಳಕ್ಕೆ ಬರಲು, ಹೊರಕ್ಕೆ ಹೋಗಲು ಅನುಮತಿ. ಈಗ ವೀಸಾ ಎನ್ನಿಸಿಕೊಳ್ಳುವುದಕ್ಕೆ ಇದು ಸಮೀಪವಾದ ಪೂರ್ವರೂಪ. ಮೂರನೆಯದು ಭೃತಿ, ಎಂದರೆ ಕೂಲಿ. ಒಪ್ಪಿದ ವೇತನವನ್ನು ಕೊಡದವನಿಗೆ ಹತ್ತರಲ್ಲೊಂದು ಪಾಲು ಅಥವಾ 6 ಪಣ ದಂಡ. ಈ ಮೂರರಲ್ಲಿ ಒಂದು ಲೋಪವಾದರೂ ಉಳಿದೆರಡು ಸಫಲವಾಗಲಾರವೆಂಬುದನ್ನು ಹಟ್ಟಿಯ ಚರಿತ್ರೆಯಿಂದ ತಿಳಿಯಬಹುದು.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಆಂಗ್ಲರು ಬರುವುದಕ್ಕೆ ಬಹುಪೂರ್ವದಲ್ಲಿಯೇ ಚಿನ್ನವನ್ನು ತೆಗೆಯುತ್ತಿದ್ದರು. ಅಲ್ಲಿಯ ಹಳೆಯ ಅಗೆತಗಳು 600 ಅಡಿಗಳಿಗೂ ಮೀರಿ ಆಳವಾಗಿದ್ದುವು. ಅವುಗಳೊಳಗೆ ದೊರೆತ ಮರದ ತುಂಡುಗಳು ಸುಮಾರು 2000 ವರ್ಷಗಳಷ್ಟು ಪ್ರಾಚೀನವೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1886ರಲ್ಲಿ, ಸಂಸ್ಥಾನದ ಖನಿಜಗಳನ್ನು ಶೋಧಿಸಿ ತೆಗೆಯುವ ಹಕ್ಕು ಆಂಗ್ಲ ಉದ್ಯಮಿಗಳಿಗೆ ದೊರೆಯಿತು. ಆ ಹಕ್ಕಿನ ಆಧಾರದಿಂದ ಹೈದರಾಬಾದ್ (ಡೆಕ್ಕನ್) ಕಂಪನಿಯು ಹುಟ್ಟಿದುದು ಹೈದರಾಬಾದಿನಲ್ಲಲ್ಲ, ಲಂಡನ್ನಿನಲ್ಲಿ. ಅದರ ಷೇರುಗಳಲ್ಲಿ ಬಹುಭಾಗವು ಹಕ್ಕನ್ನು ಪಡೆದವರಿಗೇ ಸೇರಿತು; ಈ ವ್ಯವಹಾರವು ಅಪವಾದಕ್ಕೆ ಗುರಿಯಾಗಿ, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಯಿಸಿತು. ವಿಚಾರಣೆಯ ವಿಷಯವು ಹಕ್ಕೂ ಷೇರುಗಳೂ ಆಗಿದ್ದುವೇ ಹೊರತು ಕೂಲಿಕಾರರ ಸ್ಥಿತಿಯಾಗಿರಲಿಲ್ಲ.

ಮೊದಲು ವಂದಲಿಯಲ್ಲಿಯೂ ಅನಂತರ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹಟ್ಟಿಯಲ್ಲಿಯೂ ಕೆಲಸವು ಸಾಗಿತು. ಆಗಿನ ನ್ಯಾಯಸ್ಥಿತಿಯನ್ನು ಸ್ವಲ್ಪ ವಿವೇಚಿಸಬೇಕು. ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರಜೆಗಳಾದ ಯೂರೋಪಿಯನ್ನರ ಮೇಲಣ ಅಧಿಕಾರವು ನಿಜಾಮರ ನ್ಯಾಯಸ್ಥಾನಗಳಿಗಲ್ಲ, ಬ್ರಿಟಿಷ್ ರೆಸಿಡೆಂಟನಿಗೆ ಸೇರಿತ್ತು. ಬ್ರಿಟಿಷ್ ಇಂಡಿಯಾದ 1901ರ ಗಣಿ ಕಾಯಿದೆಯಾದರೋ ದೇಶೀಯ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಆದುದರಿಂದ ಗಣಿಯ ಮೇಲಧಿಕಾರಿಗೆ ಒಂದು ನ್ಯಾಯ, ಗಣಿಯೊಳಗಿಳಿಯುವವನಿಗೆ ಇನ್ನೊಂದು ನ್ಯಾಯ ಎಂಬಂತಾಯಿತು. 1920ರಲ್ಲಿ ಗಣಿಯು ಮುಚ್ಚಿತು. ಕಂಪನಿಯು ಬೇರೆಡೆಯಲ್ಲಿ ಬಂಡವಾಳ ಹೂಡಬಹುದಾಗಿತ್ತು. ಗಣಿಯನ್ನೇ ನೆಚ್ಚಿದ್ದ ಊರಿಗೆ ಅಂತಹ ಅನುಕೂಲವಿರಲಿಲ್ಲ.

ಆದರೂ ಈ ವಿದೇಶೀಯ ಸಂಪರ್ಕದಿಂದ ವಿದ್ಯೆಗೆ ಒಂದು ಮಹೋಪಕಾರವಾಯಿತೆಂಬುದನ್ನು ಮರೆಯಲಾಗದು. 1915ರಲ್ಲಿ ಚಿನ್ನದ ಶೋಧದಲ್ಲಿದ್ದ ಸಿ. ಬೀಡನ್ ಎಂಬ ಆಂಗ್ಲ ಎಂಜಿನಿಯರನಿಗೆ ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಬ್ರಾಹ್ಮೀಲಿಪಿಯ ಬರಹವು ಕಂಡಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. 'ದೇವಾನಾಂಪ್ರಿಯ'ನೆಂಬ ಬಿರುದಿನೊಡನೆ ಅಶೋಕನ ಹೆಸರೂ ಆ ಶಾಸನದಲ್ಲಿ ದೊರೆತುದರಿಂದ, ಅದುವರೆಗೆ ಊಹೆಯಾಗಿದ್ದುದು ಸಿದ್ಧಾಂತವಾಯಿತು.

ಮುಂದೆ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯು ಸ್ಥಾಪಿತವಾಗಿ ಗಣಿಯು ಮತ್ತೆ ತೆರೆಯಿತು. 1956ರ ರಾಜ್ಯಪುನರ್ವಿಂಗಡಣೆಯ ಬಳಿಕ ಅದು ಮೈಸೂರು ರಾಜ್ಯದ ಪಾಲಿಗೆ ಬಂತು. ಈಗ ಅದು ಕರ್ನಾಟಕ ಸರಕಾರದ ಒಡೆತನದ ಹಟ್ಟಿ ಚಿನ್ನದ ಗಣಿ ಕಂಪನಿ. ಓಕ್ಲಿ, ಮಲ್ಲಪ್ಪ ಎಂಬ ಹೆಸರುಗಳುಳ್ಳ ಎರಡು ಶಾಫ್ಟುಗಳು ಒಂದೇ ಗಣಿಯಲ್ಲಿರುವುದು ಈ ಎರಡು ಕಾಲಗಳ ಗುರುತಿನಂತಿದೆ.

ಇಂದು ವಿದೇಶೀಯನೊಬ್ಬನು ಇಂತಹ ಉದ್ಯಮವನ್ನು ತೊಡಗಬೇಕಾದರೆ ನಿಯಮಗಳು 1886ರ ಕ್ರಮಕ್ಕೆ ವಿಪರೀತವಾಗಿವೆ. ಚಿನ್ನದ ಗಣಿಗಾರಿಕೆಯಲ್ಲಿ ಪೂರ್ಣ ವಿದೇಶೀ ಬಂಡವಾಳಕ್ಕೆ ಅವಕಾಶವುಂಟು. ಆದರೆ 1957ರ ಗಣಿ ಮತ್ತು ಖನಿಜ ಕಾಯಿದೆಯಂತೆ ಗುತ್ತಿಗೆಯು ಭಾರತೀಯ ಪ್ರಜೆಗೆ ಅಥವಾ ಭಾರತದ ಕಾನೂನಿನಂತೆ ನೋಂದಣಿಯಾದ ಕಂಪನಿಗೆ ಮಾತ್ರ ಸಲ್ಲುವುದು. ಧನವು ಹೊರಗಿನಿಂದ ಬರಬಹುದು. ಕಂಪನಿಯು ಇಲ್ಲಿಯೇ ಹುಟ್ಟಬೇಕು. ಇತರ ವ್ಯವಹಾರಗಳಿಗಾಗಿ ಇಲ್ಲಿ ಕಚೇರಿ ತೆರೆಯುವ ವಿದೇಶೀ ಕಂಪನಿಯು 2013ರ ಕಂಪನಿ ಕಾಯಿದೆಯಂತೆ 30 ದಿನಗಳೊಳಗೆ ರಿಜಿಸ್ಟ್ರಾರರಿಗೆ ದಾಖಲೆಗಳನ್ನು ಸಲ್ಲಿಸತಕ್ಕದ್ದು. ವಿದೇಶದ ತಜ್ಞನಿಗೆ ಉದ್ಯೋಗದ ವೀಸಾ ದೊರೆಯುವುದು. ಆದರೆ ಯೋಗ್ಯರಾದ ಭಾರತೀಯರು ಧಾರಾಳವಾಗಿ ಸಿಕ್ಕುವ ಗುಮಾಸ್ತಿಕೆಯಂತಹ ಕೆಲಸಗಳಿಗೆ ಅದು ದೊರೆಯದು. 1946ರ ವಿದೇಶೀಯರ ಕಾಯಿದೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆಯು ಜಾರಿಗೆ ಬಂದಿದೆ. ಅದೇ ವರ್ಷದ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ವೇತನ, ಸುರಕ್ಷತೆ, ಸಾಮಾಜಿಕ ಭದ್ರತೆ ಇವುಗಳ ವಿಷಯದಲ್ಲಿ ಒಡೆಯನು ಯಾವ ದೇಶದವನೆಂದು ಕೇಳುವುದಿಲ್ಲ. ಸ್ಥಳೀಯರಿಗೇ ಉದ್ಯೋಗಗಳನ್ನು ಮೀಸಲಿಡುವ ಮಸೂದೆಗೆ 2024ರ ಜುಲೈ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲವು ಸಮ್ಮತಿಸಿದರೂ, ಕೂಡಲೇ ಅದನ್ನು ತಡೆಹಿಡಿಯಲಾಯಿತು.

ಮುದ್ರೆಯ ಪ್ರಶ್ನೆಯು ಬಂಡವಾಳಗಾರನಿಗೆ ಮಾತ್ರವೇ ಸೀಮಿತವಲ್ಲ. ನೆರೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ನೆಲೆಸಿವೆ. ತುಂಗಭದ್ರೆಯ ಕಾಲುವೆಯ ಸೀಮೆಯಲ್ಲಿ ದುಡಿದು ಬಾಳಿದ ಅವರಲ್ಲಿ ಅನೇಕರಿಗೆ ಪೌರತ್ವದ ಪತ್ರವು ಬಹುಕಾಲ ದೊರೆಯಲಿಲ್ಲ. ಐನೂರ್ವರ 'ಪರದೇಶಿ'ಯೂ ಆಡುನುಡಿಯ 'ಪರದೇಶಿ'ಯೂ ಹೀಗೆ ಒಂದೇ ಸೀಮೆಯಲ್ಲಿ ಎದುರುಬದುರಾಗಿರುವರು.

ಆಕರದ ಪತ್ರವು ಮೊದಲು ಸಿದ್ಧವಾಯಿತು. ಭೃತಿಯ ನಿಯಮವು ಬಹುಕಾಲದ ಮೇಲೆ ಬಂತು. ಈ ವಿಳಂಬವೇ ಹಟ್ಟಿಯ ಚರಿತ್ರೆಯ ಸಾರ. ಧರ್ಮದ ಫಲವು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವನಿಗೂ ಅದು ಲಭ್ಯವೆಂಬುದು ಮಸ್ಕಿಯ ಬಂಡೆಯ ಮೇಲಣ ಶಾಸನದ ತಾತ್ಪರ್ಯ. ಚಿನ್ನವನ್ನು ಹುಡುಕಲು ಬಂದವನ ಕಣ್ಣಿಗೆ ಮೊದಲು ಬಿದ್ದ ಆ ಮಾತು, ಚಿನ್ನವನ್ನು ಅಗೆದವನ ಪಾಲಿಗೆ ನಿಜವಾಗುವುದೇ ಇಂತಹ ಸಕಲ ನಿಯಮಗಳ ಪ್ರಯೋಜನವೆಂದು ತಿಳಿಯತಕ್ಕದ್ದು.