ಆತಿಥ್ಯದ ಬಟ್ಟಲು, ದೇಹದ ಕಾವಲು

ಮದುವೆ, ಜ್ಞಾನಸ್ನಾನ, ಹಬ್ಬದ ಔತಣಗಳಲ್ಲಿ ಬೀಗರ ಕೈಗೆ ಮದ್ಯದ ಗ್ಲಾಸು ಕೊಡದಿದ್ದರೆ ಮರ್ಯಾದೆಗೆ ಕುಂದೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಒಲ್ಲೆನೆಂದವನಿಗೆ ‘ಒಂದೇ ಗುಟುಕು’ ಎಂಬ ಒತ್ತಾಯ ಬೇರೆ. ಜಮಖಂಡಿ, ಮುಧೋಳ, ಬೀಳಗಿಗಳ ಕಬ್ಬಿನ ಸೀಮೆಯಲ್ಲಾಗಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಾಗಲಿ ದುಡಿದ ಮೈಗೆ ಮದ್ಯವೇ ಮದ್ದೆಂಬ ನಂಬಿಕೆಯೂ ಉಂಟು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ಮಾತ್ರ ನಿಲ್ಲಲಿಲ್ಲ.

ಕುಡಿತ ಯಕೃತ್ತನ್ನು ಕೆಡಿಸುತ್ತದೆಂದು ಎಲ್ಲರೂ ಬಲ್ಲೆವು. ಅದು ದೇಹದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆಂಬುದನ್ನು ಬಲ್ಲವರು ಕಡಿಮೆ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿರುವ ಸೂಕ್ಷ್ಮ ರೋಮಗಳು ಧೂಳನ್ನೂ ರೋಗಾಣುಗಳನ್ನೂ ಸದಾ ಹೊರಗೆ ಗುಡಿಸುತ್ತಿರುತ್ತವೆ. ಅವನ್ನು ದಾಟಿ ಒಳಬಂದ ರೋಗಾಣುಗಳನ್ನು ಶ್ವಾಸಕೋಶದ ಭಕ್ಷಕ ಕೋಶಗಳು ನುಂಗಿ ಕೊಲ್ಲುತ್ತವೆ. ಅತಿಯಾದ ಮದ್ಯಪಾನವು ಈ ಎರಡೂ ಕಾವಲುಗಳನ್ನು ಸಡಿಲಗೊಳಿಸುತ್ತದೆ. ಕರುಳಿನ ಗೋಡೆಯೂ ದುರ್ಬಲಗೊಂಡು ಅಲ್ಲಿನ ರೋಗಾಣುಗಳ ವಿಷಾಂಶ ರಕ್ತಕ್ಕೆ ಸೇರುತ್ತದೆ. ದಿನವೂ ಕುಡಿಯುವವನಿಗಷ್ಟೇ ಈ ಹಾನಿಯೆಂದು ತಿಳಿಯಬೇಕಿಲ್ಲ. ಒಂದೇ ರಾತ್ರಿ ಮಿತಿಮೀರಿ ಕುಡಿದರೂ ಕೆಲವು ಗಂಟೆಗಳ ಕಾಲ ಈ ಕಾವಲು ಕುಂದಿರುತ್ತದೆ.

ಇದರ ಲಾಭ ಪಡೆಯುವ ರೋಗಗಳಲ್ಲಿ ಕ್ಷಯ ಮುಖ್ಯವಾದುದು. ದಿನಕ್ಕೆ 40 ಗ್ರಾಂಗಿಂತ ಹೆಚ್ಚು ಮದ್ಯಸಾರ ಸೇವಿಸುವವರಿಗೆ ಕ್ಷಯ ತಗಲುವ ಸಂಭವ ಉಳಿದವರಿಗಿಂತ ಸುಮಾರು 3 ಪಟ್ಟು ಹೆಚ್ಚು. 60 ಮಿಲಿಲೀಟರಿನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿರುತ್ತದೆ. ಅಂದರೆ ಎರಡು ಪೆಗ್ಗಿಗೇ ಆ ಗಡಿ ಮುಟ್ಟಿದಂತಾಯಿತು. ಶ್ವಾಸಕೋಶದ ಕ್ಷಯ ಗಾಳಿಯಿಂದ ಹರಡುವಂಥದು. ಕುಡಿಯುವವನೊಬ್ಬನಾದರೂ ಕೆಮ್ಮು ಹೆಂಡತಿ, ಮಕ್ಕಳು, ಮುದಿ ತಂದೆತಾಯಿಗಳ ನಡುವೆಯೇ. ಚಿಕಿತ್ಸೆಯಲ್ಲಿರುವವನಿಗೆ ಬೀಗರ ಒತ್ತಾಯ ಇನ್ನೂ ಅಪಾಯಕರ. ಸಾಮಾನ್ಯವಾಗಿ 6 ತಿಂಗಳು ನುಂಗಬೇಕಾದ ಕ್ಷಯದ ಮಾತ್ರೆಗಳಲ್ಲಿ ಕೆಲವು ಯಕೃತ್ತಿಗೆ ಭಾರವಾದವು. ಮದ್ಯವೂ ಸೇರಿದರೆ ಆ ಭಾರ ಇಮ್ಮಡಿಸುತ್ತದೆ. ಕುಡಿತದ ಗುಂಗಿನಲ್ಲಿ ಮಾತ್ರೆ ತಪ್ಪಿದರೆ ರೋಗ ಔಷಧಕ್ಕೆ ಬಗ್ಗದಂತಾಗಬಹುದು.

ಮಿತವಾಗಿ ಕುಡಿದರೆ ಬಾಧೆಯಿಲ್ಲವೆಂಬ ವಾದವೂ ಈಗ ನಿಲ್ಲುವುದಿಲ್ಲ. ಸಂಪೂರ್ಣ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ತಿಳಿಸಿದೆ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ ಕಂಡರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯೂ ಔಷಧಿಯೂ ಉಚಿತ. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುತ್ತಿರುವವರು ಥಟ್ಟನೆ ಬಿಟ್ಟರೆ ನಡುಕ, ಫಿಟ್ಸ್ ಬರುವ ಭಯವಿದೆ. ಅಂಥವರು ವೈದ್ಯರ ನೆರವಿನಿಂದಲೇ ಬಿಡಬೇಕು. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ದೊರೆಯುತ್ತದೆ.

ಮುಂದಿನ ಔತಣದಲ್ಲಿ ‘ಒಲ್ಲೆ’ ಎಂದವನನ್ನು ಯಾರೂ ಮತ್ತೊಮ್ಮೆ ಕೇಳದಿರಲಿ. ಅವನ ಎದುರಿಗೆ ತಂಪಾದ ಮಜ್ಜಿಗೆಯನ್ನೋ ಕಬ್ಬಿನ ಹಾಲನ್ನೋ ಇರಿಸೋಣ. ನಮ್ಮ ಮನೆಯ ಮರ್ಯಾದೆಗೆ ಅದರಿಂದ ಕುಂದೇನೂ ಬಾರದು.