ಮಳೆಗೆ ಹೊರಟ ಗುಂಪಿಗೆ ನಿಲ್ಲುವುದೂ ಗೊತ್ತಿರಬೇಕು

ನೆತ್ತಿಯ ಮೇಲೆ ಬಿಸಿಲಿದ್ದಾಗಲೇ ನಂಜನಗೂಡಿನ ರಸ್ತೆ ಮುಳುಗಬಲ್ಲದು. 2019ರ ಆಗಸ್ಟ್‌ನಲ್ಲಿ ಹಾಗಾಗಿತ್ತು. 2024ರಲ್ಲಿ ಜುಲೈ ಕಳೆದು ಆಗಸ್ಟ್ ಕಾಲಿಡುವ ಹೊತ್ತಿಗೆ ಮತ್ತೆ ಆಯಿತು. ಮಲ್ಲನಮೂಲೆ ಮಠದ ಬಳಿ ಕಪಿಲಾ ನದಿ, ಅಂದರೆ ಕಬಿನಿ, ಹೆದ್ದಾರಿಗೇ ಹತ್ತಿ, ಮೈಸೂರು–ನಂಜನಗೂಡು ನಡುವಿನ ವಾಹನಗಳು ಬಳಸುದಾರಿ ಹಿಡಿದವು. ಆ ನೀರಿನ ಬಹುಪಾಲು ಇಲ್ಲಿ ಬಿದ್ದ ಮಳೆಯದಲ್ಲ. ವಯನಾಡಿನ ಬೆಟ್ಟಗಳಲ್ಲಿ ಸುರಿದು, ಎಚ್.ಡಿ. ಕೋಟೆಯ ಕಬಿನಿ ಜಲಾಶಯವನ್ನು ತುಂಬಿಸಿ, ಗೇಟು ಎತ್ತಿದ ಮೇಲೆ ಇಳಿದು ಬಂದದ್ದು. ಹೊಳೆದಂಡೆಯವರಿಗೆ ಇದು ಗೊತ್ತು. ಮಳೆಗಾಲದಲ್ಲಿ ಅವರು ತಮ್ಮೂರಿನ ಮುಗಿಲು ನೋಡುವಷ್ಟೇ ಗಮನವಿಟ್ಟು ಕೇರಳದ ಮಳೆಯ ಸುದ್ದಿಯನ್ನೂ ಕೇಳುತ್ತಾರೆ. ನೂರಾರು ಕಿಲೋಮೀಟರ್ ಸೈಕಲ್ ತುಳಿದು ಈ ಸೀಮೆಗೆ ಬರುವವರಿಗೆ ಅದು ಗೊತ್ತಿರುವುದಿಲ್ಲ. ಹವೆ ಕೆಡುವುದೆಂದರೆ ತಲೆಯ ಮೇಲೆ ಮಳೆ ಬೀಳುವುದು, ಅಷ್ಟೇ ಎಂದುಕೊಂಡವರು ಮೊದಲು ಎಡವುವುದು ಇಲ್ಲೇ.

ಹಾಗೆ ನೋಡಿದರೆ ದೂರದ ಸೈಕಲ್ ಸವಾರಿಗೆ ಮೈಸೂರು ಸೀಮೆ ಹೇಳಿ ಮಾಡಿಸಿದಂಥ ನೆಲ. 766ನೇ ರಾಷ್ಟ್ರೀಯ ಹೆದ್ದಾರಿ ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು ದಾಟಿ ತಿರುಮಕೂಡಲು ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಹೆದ್ದಾರಿಯ ಲಾರಿಗಳ ಸಹವಾಸ ಬೇಡವೆಂದರೆ, ಸಂತಾನ ವೇಣುಗೋಪಾಲಸ್ವಾಮಿಯ ಹೆಮ್ಮರಗಾಲದಂಥ ಊರುಗಳನ್ನು ಒಂದಕ್ಕೊಂದು ಹೆಣೆಯುವ ಒಳದಾರಿಗಳಿವೆ. 2008ರ ಡಿಸೆಂಬರ್‌ನಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸವಾರಿ ಕರ್ನಾಟಕದ ಬಯಲಿನಿಂದ ಊಟಿಯ ಬೆಟ್ಟಗಳವರೆಗೆ ಹಲವು ದಿನ ನಡೆಯುವಂಥದ್ದು. ಇನ್ನೊಂದು ಬಗೆ ಬ್ರೆವೆ. 1904ರಲ್ಲಿ ಹುಟ್ಟಿದ ಪ್ಯಾರಿಸ್‌ನ ಆಡಾಕ್ಸ್ ಕ್ಲಬ್ಬಿನ ನಿಯಮಗಳಂತೆ ಭಾರತದಲ್ಲೂ ನಡೆಯುವ ಈ ಸವಾರಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 300ನ್ನು 20 ಗಂಟೆಯಲ್ಲಿ, 400ನ್ನು 27 ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕು. ಇದು ಪಂದ್ಯವಲ್ಲ; ಮೊದಲನೆಯವರು, ಎರಡನೆಯವರು ಎಂದಿಲ್ಲ. ದಾರಿಯ ನಡುವಿನ ಕಂಟ್ರೋಲ್‌ಗಳಲ್ಲಿ ಕಾರ್ಡಿಗೆ ಮುದ್ರೆ ಬೀಳಬೇಕು, ಉಳಿದಂತೆ ಪಂಕ್ಚರ್ ಹಾಕಿಕೊಳ್ಳುವುದರಿಂದ ಹಿಡಿದು ಊಟದವರೆಗೆ ಎಲ್ಲವೂ ಸವಾರರ ಪಾಡು. ಆದರೂ ಹೆಚ್ಚಿನವರು ತುಳಿಯುವುದು ಗುಂಪಿನಲ್ಲೇ. ಇಂಥ ಗುಂಪು ಮಳೆಗಾಳಿಯಲ್ಲಿ ಹೊರಡುವುದಾದರೆ, ಎಲ್ಲಿ ಮತ್ತು ಯಾವಾಗ ನಿಲ್ಲಬೇಕು ಎಂಬುದನ್ನು ಹೊರಡುವ ಮುನ್ನವೇ, ಮೈ ಬೆಚ್ಚಗೂ ತಲೆ ತಣ್ಣಗೂ ಇರುವಾಗಲೇ ತೀರ್ಮಾನಿಸಿಕೊಂಡಿರಬೇಕು ಎಂಬುದು ಈ ಬರಹದ ವಾದ.

ಮೊದಲು ಗುಂಪಿನ ಲಾಭವನ್ನೇ ನೋಡೋಣ. ಒಣ ರಸ್ತೆಯಲ್ಲಿ ಮುಂದಿನವರ ಹಿಂದೆ ಒತ್ತಾಗಿ ತುಳಿದರೆ ಗಾಳಿಯ ತಡೆ ತಗ್ಗಿ, ಶ್ರಮದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಉಳಿಯಬಹುದು. ಸರದಿಯಂತೆ ಮುಂದಾಳತ್ವ ಬದಲಿಸಿಕೊಂಡು ಹೋಗುವ ಹತ್ತು ಜನ ಒಬ್ಬಂಟಿಗಿಂತ ಬೇಗ ಊರು ಸೇರುವುದು ಇದರಿಂದಲೇ. ಆದರೆ ಈ ಲೆಕ್ಕ ನಿಂತಿರುವುದು ಎರಡು ಚಕ್ರಗಳ ನಡುವಿನ ಒಂದು ಮೀಟರಿಗೂ ಕಡಿಮೆ ಅಂತರದ ಮೇಲೆ. ಮಳೆ ಬಂದೊಡನೆ ಆ ಅಂತರವೇ ಅಪಾಯವಾಗುತ್ತದೆ. ಮುಂದಿನ ಚಕ್ರ ಎರಚುವ ಕೆಸರು ನೇರ ಕಣ್ಣಿಗೆ ಬೀಳುತ್ತದೆ. ರಿಮ್ ಹಿಡಿಯುವ ಹಳೆಯ ಬಗೆಯ ಬ್ರೇಕು ಮೊದಲು ರಿಮ್ಮಿನ ನೀರು ಒರೆಸಿ, ಆಮೇಲಷ್ಟೇ ಹಿಡಿಯುತ್ತದೆ. ಅಷ್ಟರಲ್ಲಿ ಸೈಕಲ್ ಹಲವು ಮಾರು ಮುಂದೆ ಹೋಗಿರುತ್ತದೆ. ಮುಂದಿದ್ದವರು ಜಾರಿದರೆ ಹಿಂದಿನ ಐದಾರು ಮಂದಿಯೂ ಸಾಲಾಗಿ ಅವರ ಮೇಲೇ ಬೀಳುತ್ತಾರೆ. ಇದನ್ನು ತಪ್ಪಿಸಲು ದೂರ ದೂರ ಹೋದರೆ ಗಾಳಿಯ ಮರೆ ಸಿಗುವುದಿಲ್ಲ. ಅಂದರೆ ಹವೆ ಕೆಟ್ಟೊಡನೆ ಗುಂಪಿನ ವೇಗದ ಲಾಭ ಹೋಗುತ್ತದೆ. ಉಳಿಯುವುದು ಒಂದೇ ಲಾಭ: ಒಬ್ಬರನ್ನೊಬ್ಬರು ನೋಡಿಕೊಳ್ಳುವುದು. ಆ ಹೊತ್ತಿನಲ್ಲೂ ಹಳೆಯ ವೇಗಕ್ಕೇ ಜೋತುಬಿದ್ದ ಗುಂಪು ಎರಡನ್ನೂ ಕಳೆದುಕೊಳ್ಳುತ್ತದೆ.

ರಸ್ತೆಯೂ ಎಲ್ಲ ಕಡೆ ಒಂದೇ ಥರ ಒದ್ದೆಯಾಗುವುದಿಲ್ಲ. ತಿಂಗಳುಗಟ್ಟಲೆ ಒಣಗಿದ ಡಾಂಬರಿನ ಮೇಲೆ ಬೀಳುವ ಮೊದಲ ಹನಿಗಳು ಜಡಿಮಳೆಗಿಂತ ಕೆಟ್ಟವು. ಕೂತಿದ್ದ ಎಣ್ಣೆ, ದೂಳು ಮೇಲೆದ್ದು ಸಾಬೂನು ಸವರಿದಂತಾಗಿರುತ್ತದೆ. ಚೆನ್ನಾಗಿ ಮಳೆ ಹೊಯ್ದು ತೊಳೆದ ಮೇಲೆಯೇ ಹಿಡಿತ ಸ್ವಲ್ಪ ಮರಳುವುದು. ಎರೆಮಣ್ಣಿನ ಹೊಲಗಳಿರುವ ಕಡೆ ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರ್ ತನ್ನ ಚಕ್ರದ ಹೆಂಟೆಗಳನ್ನು ರಸ್ತೆಯುದ್ದಕ್ಕೂ ಉದುರಿಸಿಕೊಂಡು ಹೋಗಿರುತ್ತದೆ. ಒದ್ದೆ ಎರೆಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗದಂತೆಯೇ ಮಾಡಿಬಿಡಬಲ್ಲದು. ಹುರುಳಿ ಸುಗ್ಗಿಯಲ್ಲಂತೂ ರೈತರು ಕಿತ್ತ ಗಿಡಗಳನ್ನು ಟಾರು ರಸ್ತೆಗೇ ಹರಡುತ್ತಾರೆ, ವಾಹನಗಳು ಹಾದು ಕಾಳು ಬಿಡಿಸಲಿ ಎಂದು. ಒಣಗಿದ್ದಾಗಲೇ ಸೈಕಲ್ಲಿನ ಚೈನಿಗೂ ಗೇರಿಗೂ ಸುತ್ತಿಕೊಳ್ಳುವ ಆ ಹುಲ್ಲು, ಅಕಾಲ ಮಳೆಗೆ ನೆನೆದರೆ ಕೆಳಗಿನ ಕಾಳುಗಳ ಸಮೇತ ಹಾಸಿದ ಗುಂಡುಗಳಂತೆ ಜಾರುತ್ತದೆ. ಟೂರ್ ಆಫ್ ನೀಲಗಿರೀಸ್‌ನಂಥ ಸವಾರಿಗಳ ಡಿಸೆಂಬರೂ ಹುರುಳಿಯ ಕಾಲವೂ ಹತ್ತಿರ ಹತ್ತಿರವೇ ಬರುತ್ತವೆ. ಭೂಪಟದಲ್ಲಿ ದಾರಿ ಗುರುತು ಮಾಡಿದವರಿಗೆ ಇದು ಕಾಣುವುದಿಲ್ಲ. ಊರಿನ ಟೀ ಅಂಗಡಿಯಲ್ಲಿ ಒಂದು ಮಾತು ಕೇಳಿದವರಿಗೆ ಗೊತ್ತಾಗುತ್ತದೆ.

ರಸ್ತೆಗಿಂತ ದೊಡ್ಡ ಮಾತು ಮೈಯದು. ಚಳಿ ಎಂದರೆ ಹಿಮಾಲಯ ಎಂದುಕೊಳ್ಳುವ ನಮಗೆ, ದಕ್ಷಿಣದಲ್ಲಿ ಚಳಿಯಿಂದ ಜೀವಕ್ಕೆ ಕುತ್ತು ಎಂದರೆ ನಗು ಬರಬಹುದು. ಆದರೆ ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ನೆನೆದ ಬಟ್ಟೆಯಲ್ಲಿ ಇಳಿಜಾರಿನಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವರು ತಮ್ಮ ಬಿರುಗಾಳಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ. ನಂಜನಗೂಡಿನಿಂದ ಊಟಿಗೆ ಸುಮಾರು 1,500 ಮೀಟರ್ ಏರು. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ಸುಮಾರು ಹತ್ತು ಡಿಗ್ರಿ ಇಳಿಕೆ. ಬಯಲಲ್ಲಿ ಬೆವರು ಒರೆಸಿಕೊಂಡವರೇ ಬೆಟ್ಟದ ಮೇಲೆ ಜಡಿಮಳೆಗೆ ಸಿಕ್ಕಿ, ಮಸಿನಗುಡಿ ಕಡೆಗೆ 36 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕಾಗಿ ಬಂದರೆ, ಮೊದಲು ಮರಗಟ್ಟುವುದು ಬ್ರೇಕ್ ಹಿಡಿಯುವ ಬೆರಳುಗಳು. ಒಳಮೈಯ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ನಡುಕ, ತೊದಲು, ಮಂಕು ಒಂದರ ಹಿಂದೊಂದು ಬರುತ್ತವೆ. ಇದರಲ್ಲಿ ಗಮನಿಸಬೇಕಾದ್ದು ಕೊನೆಯದು. ಹೀಗೆ ಮೈಶಾಖ ಇಳಿದವರ ವಿವೇಚನೆಯೇ ಮೊಬ್ಬಾಗುವುದರಿಂದ, ತಮಗೆ ಏನಾಗುತ್ತಿದೆ ಎಂಬುದು ಅವರಿಗೇ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ. ‘ನನಗೇನೂ ಆಗಿಲ್ಲ, ನಡೀರಿ’ ಎಂಬ ಮಾತು ಆ ಸ್ಥಿತಿಯಲ್ಲಿ ಧೈರ್ಯದ ಲಕ್ಷಣವೋ ಕಾಯಿಲೆಯ ಲಕ್ಷಣವೋ ಹೇಳುವುದು ಕಷ್ಟ. ನಿಲ್ಲುವ ತೀರ್ಮಾನವನ್ನು ಆ ಹೊತ್ತಿಗೆ, ಆ ತಲೆಗೆ ಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇದು ಬರೀ ತರ್ಕವಲ್ಲ ಎಂಬುದಕ್ಕೆ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ ನೂರು ಕಿಲೋಮೀಟರಿನ ಬೆಟ್ಟದ ಓಟದಲ್ಲಿ 172 ಮಂದಿ ಇದ್ದರು. ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಒಟ್ಟಿಗೆ ಎರಗಿ 21 ಜನ ಸತ್ತರು. ಸತ್ತವರಲ್ಲಿ ಆ ದೇಶದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ ಒಬ್ಬರು. ಬಲಶಾಲಿಗಳೇ ಮೊದಲು ಎತ್ತರದ ಜಾಗಕ್ಕೆ ಹೋಗಿ ಸಿಕ್ಕಿಬಿದ್ದಿದ್ದರು. ಆರು ಜನರನ್ನು ಉಳಿಸಿದ್ದು, ಮಳೆ ಬಂತೆಂದು ಗುಹೆಯೊಳಗೆ ಕೂತಿದ್ದ ಒಬ್ಬ ಕುರಿಗಾಹಿ. ಇನ್ನೊಂದು ಘಟನೆ 2025ರ ಆಗಸ್ಟ್‌ನದು. ಸುಮಾರು 1,500 ಕಿಲೋಮೀಟರಿನ ಲಂಡನ್–ಎಡಿನ್‌ಬರೊ–ಲಂಡನ್ ಸೈಕಲ್ ಸವಾರಿಗೆ ಜಗತ್ತಿನ ಎಲ್ಲೆಡೆಯಿಂದ ಜನ ಬಂದಿದ್ದರು. ಫ್ಲೋರಿಸ್ ಎಂಬ ಬಿರುಗಾಳಿ ಉತ್ತರದಲ್ಲಿ ಬೀಸತೊಡಗಿದಾಗ ಸಂಘಟಕರು ಮೊದಲು ಸವಾರರನ್ನು ಇದ್ದ ಕಂಟ್ರೋಲ್‌ಗಳಲ್ಲೇ ನಿಲ್ಲಿಸಿದರು, ಕೊನೆಗೆ ಸವಾರಿಯನ್ನೇ ಕೈಬಿಟ್ಟರು. ವರ್ಷಗಟ್ಟಲೆ ತಯಾರಾಗಿ ಬಂದವರಿಗೆ ಅದು ನುಂಗಲಾರದ ತುತ್ತಾಗಿದ್ದಿರಬೇಕು. ಆದರೂ ನಿರಾಶೆ ಒಂದು ಕಡೆ, 21 ಹೆಣ ಇನ್ನೊಂದು ಕಡೆ. ತಕ್ಕಡಿ ಎತ್ತ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಸಹಜವಾದದ್ದೇ: ಕಷ್ಟವೇ ಬೇಡವೆಂದ ಮೇಲೆ ಇನ್ನೂರು ಕಿಲೋಮೀಟರ್ ತುಳಿಯುವುದಾದರೂ ಏಕೆ? ಮಾತು ನಿಜ. 2007ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್, 90 ಗಂಟೆಗಳ ಆ 1,200 ಕಿಲೋಮೀಟರ್ ಸವಾರಿ, ಮಳೆಯಲ್ಲೇ ನಡೆಯಿತು. ಅದನ್ನು ಮುಗಿಸಿದವರ ಸಂಖ್ಯೆ ಸಾವಿರಗಳಲ್ಲಿದೆ. ಆದರೆ ಅದೇ ಸವಾರಿಯಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ದಾರಿಯಲ್ಲೇ ಕೈಬಿಟ್ಟರು ಎಂಬುದೂ ನಿಜ. ಬ್ರೆವೆಯಲ್ಲಿ ಹಾಗೆ ಬಿಟ್ಟವರಿಗೆ ದಂಡವಿಲ್ಲ, ನಿಷೇಧವಿಲ್ಲ; ಹೆಸರಿನ ಮುಂದೆ ಡಿಎನ್‌ಎಫ್, ಅಂದರೆ ‘ಮುಗಿಸಲಿಲ್ಲ’, ಎಂದು ಬರೆಯುತ್ತಾರೆ, ಮುಂದಿನ ಸಲ ಮತ್ತೆ ಬರಬಹುದು. ಕಷ್ಟವನ್ನು ಬಯಸಿ ಹೋಗುವ ಈ ಆಟದ ನಿಯಮದಲ್ಲೇ ಬಿಡುವುದಕ್ಕೆ ಬಾಗಿಲಿದೆ. ಮಳೆಯಲ್ಲಿ ತುಳಿಯಬಾರದು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹದ ಮಳೆ ಬೇರೆ, ಸಿಡಿಲು ಬೇರೆ, ಉಕ್ಕಿದ ಹೊಳೆ ಬೇರೆ. ಮೊದಲನೆಯದು ಕಷ್ಟ, ಉಳಿದೆರಡು ಕಷ್ಟವಲ್ಲ, ಗಂಡಾಂತರ.

ಎರಡನೆಯ ಆಕ್ಷೇಪ ಹಳ್ಳಿಯ ಕಡೆಯಿಂದ ಬರುವಂಥದ್ದು. ಹಾಲು ಹಾಕುವವರು, ಗದ್ದೆಗೆ ನೀರು ಕಟ್ಟಲು ಹೋಗುವವರು ಪ್ಲಾಸ್ಟಿಕ್ ಗೊಪ್ಪೆ ಹೊದ್ದು ಇದೇ ಮಳೆಯಲ್ಲಿ, ಇದೇ ರಸ್ತೆಯಲ್ಲಿ ಸೈಕಲ್ ತುಳಿಯುವುದಿಲ್ಲವೇ? ಪೇಟೆಯವರಿಗೆ ಮಾತ್ರ ಏನು ಇಷ್ಟೊಂದು ಶಾಸ್ತ್ರ? ಆದರೆ ಹಾಲಿನವರ ದಾರಿ ಐದಾರು ಕಿಲೋಮೀಟರ್. ಪ್ರತಿ ಗುಂಡಿಯೂ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಅರ್ಧ ಗಂಟೆಯಲ್ಲಿ ಒಲೆಯ ಮುಂದೆ ಇರುತ್ತಾರೆ. ದೂರದ ಸವಾರರು ಅದೇ ಮಳೆಗೆ ಸಿಕ್ಕುವುದು ಹತ್ತು ಗಂಟೆ ತುಳಿದು ಮೈಯ ಬಲವೆಲ್ಲ ಸೋರಿದ ಮೇಲೆ, ಗೊತ್ತಿಲ್ಲದ ಊರಿನಲ್ಲಿ, ಕತ್ತಲಲ್ಲಿ. ಅಷ್ಟೇ ಅಲ್ಲ, ಹಳ್ಳಿಯವರು ನಿಲ್ಲುವುದನ್ನು ಬಲ್ಲವರು. ಗುಡುಗು ಕೇಳಿದೊಡನೆ ಹೊಲ ಬಿಟ್ಟು ಎದ್ದವರನ್ನು ಯಾರೂ ಹೇಡಿ ಎನ್ನುವುದಿಲ್ಲ. ಕಲಿಯಬೇಕಾದ್ದು ಅವರಿಂದಲೇ ಇದೆ.

ಮೂರನೆಯದು, ‘ಹವಾಮಾನದವರು ಹೇಳಿದ್ದು ಎಂದು ನಿಜವಾಗಿದೆ?’ ಎಂಬ ಹಳೆಯ ಕೊಂಕು. ಹತ್ತು ದಿನ ಮುಂಚಿನ ಮುನ್ಸೂಚನೆಗೆ ಅದು ಸಲ್ಲಬಹುದು, ಈ ಕ್ಷಣದ ಮಾಹಿತಿಗೆ ಸಲ್ಲದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ; ಅದರ ವರುಣಮಿತ್ರ ಸಹಾಯವಾಣಿಗೆ ಯಾರು ಬೇಕಾದರೂ ಫೋನ್ ಮಾಡಿ ಕೇಳಬಹುದು. ಸಿಡಿಲಿನ ಸೂಚನೆಗೆ ದಾಮಿನಿ ಆ್ಯಪ್ ಇದೆ. ಕಬಿನಿಯಿಂದ ನೀರು ಬಿಡುವಾಗ ನದಿಪಾತ್ರದವರಿಗೆ ಎಚ್ಚರಿಕೆ ಹೊರಡುತ್ತದೆ. ಮುನ್ಸೂಚನೆ ತಪ್ಪಬಹುದು ಎಂಬುದೇ ನಿಲ್ಲುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಇನ್ನೊಂದು ಕಾರಣ.

ಹಾಗಾದರೆ ತೀರ್ಮಾನ ಹೇಗಿರಬೇಕು? ಒಂದು ಚೀಟಿಯಲ್ಲಿ ಹಿಡಿಸುವಷ್ಟು ಸಾಕು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಎಲ್ಲರೂ ಸೈಕಲ್ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗುವುದು, ಸಾಲುಮರದ ಕೆಳಗಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬಾರದಿರುವುದು. ರಸ್ತೆ ಕಾಣದಂತೆ ನೀರು ಹರಿಯುತ್ತಿದ್ದರೆ ಆಳ ಎಷ್ಟೆಂದು ಚರ್ಚೆಗೆ ಕೂರದೆ ಹಿಂತಿರುಗುವುದು. ಭರಣಿ, ಕೃತ್ತಿಕೆ ಮಳೆಗಳು ಬೆಳಿಗ್ಗೆ ಶುಭ್ರವಾಗಿದ್ದು ಮಧ್ಯಾಹ್ನದ ಮೇಲೆ ಎರಗುವಂಥವು; ಆ ದಿನಗಳಲ್ಲಿ ನಸುಕಿಗೆ ಹೊರಟು ಮೂರು ಗಂಟೆಯೊಳಗೆ ಒಂದು ನೆಲೆ ಸೇರುವುದು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಮಳೆಯಿಂದ ತಡವಾದರೆ ಗುಂಡ್ಲುಪೇಟೆಯಲ್ಲೇ ಉಳಿಯುವುದೆಂದು ಮೊದಲೇ ಒಪ್ಪಿಕೊಂಡಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ‘ನಿಲ್ಲೋಣ’ ಎಂದು ಗುಂಪಿನಲ್ಲಿ ಯಾರೇ ಒಬ್ಬರು ಹೇಳಿದರೂ, ಅವರು ಎಲ್ಲರಿಗಿಂತ ಹೊಸಬರಾಗಿದ್ದರೂ ಎಲ್ಲರೂ ನಿಲ್ಲುವುದು. ಮತಕ್ಕೆ ಹಾಕಿದರೆ ಬಲವಿರುವವರು ಗೆಲ್ಲುತ್ತಾರೆ, ಬಲ ಸೋರಿದವರು ಸುಮ್ಮನಾಗುತ್ತಾರೆ. ದಣಿದವರ ಒಂದು ಮಾತಿಗೆ ತಡೆಯುವ ಅಧಿಕಾರ ಇರಲೇಬೇಕು.

ಮೇ ತಿಂಗಳಲ್ಲಿ ಬಿರುಗಾಳಿಗೆ ಬಾಳೆತೋಟ ನೆಲಕಚ್ಚಿತು ಎಂಬ ಸುದ್ದಿಯನ್ನು ಈ ಭಾಗದ ಜನ ಆಗಾಗ ಓದುತ್ತಿರುತ್ತಾರೆ. ಬೇರು ಬಿಟ್ಟು ನಿಂತ ಗಿಡವನ್ನೇ ಮಲಗಿಸುವ ಗಾಳಿ, ಎರಡು ಬೆರಳಗಲದ ಟೈರಿನ ಮೇಲೆ ತೂಗುವ ಮನುಷ್ಯನಿಗೆ ರಿಯಾಯಿತಿ ಕೊಡುವುದಿಲ್ಲ. ಗಿಡಕ್ಕೆ ಓಡಿಹೋಗಿ ಮರೆ ಸೇರುವ ದಾರಿಯಿಲ್ಲ, ಮನುಷ್ಯನಿಗೆ ಇದೆ. ಮುಂದಿನ ಸಲ ಯಾವುದೇ ಗುಂಪಿನೊಂದಿಗೆ ದೂರದ ಸವಾರಿಗೆ ಹೆಸರು ಕೊಡುವಾಗ ‘ಎಷ್ಟು ಗಂಟೆಗೆ ಹೊರಡುವುದು?’ ಎಂದು ಕೇಳುವ ಜೊತೆಗೆ ‘ಏನಾದರೆ ನಿಲ್ಲುವುದು?’ ಎಂದೂ ಕೇಳಿ. ಉತ್ತರ ಸಿದ್ಧವಿಲ್ಲದಿದ್ದರೆ ಆ ಗುಂಪಿನೊಂದಿಗೆ ಹೋಗಬೇಡಿ.