ಪರದೇಶಿಯ ಹಣಕ್ಕೆ ಹೊಣೆ ಯಾರು?

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಬುದ್ಧಿಮಾತು. ಇಲ್ಲಿ ಕೋಶವೆಂದರೆ ಪುಸ್ತಕ. ಆ ಶಬ್ದಕ್ಕೆ ಬೊಕ್ಕಸ ಎಂಬ ಇನ್ನೊಂದು ಅರ್ಥವೂ ಉಂಟು. ದೇಶ ಸುತ್ತಲು ಹೊರಟವನಿಗೆ ಮೊದಲು ಬೇಕಾಗುವುದು ಈ ಎರಡನೆಯ ಕೋಶವೇ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟರೆ ಕಳ್ಳರ ಭಯ. ಊರಿನಲ್ಲೇ ಬಿಟ್ಟು ಹೊರಟರೆ ಹಸಿವಿನ ಭಯ. ಇವೆರಡರ ನಡುವೆ ದಾರಿ ಹುಡುಕುವ ಪ್ರಯತ್ನ ಶತಮಾನಗಳಿಂದ ನಡೆದೇ ಇದೆ. ಮೊಬೈಲ್ ಫೋನಿನ ಮೂಲಕ ಹಣ ಸಂದಾಯ ಮಾಡುವ ಇಂದಿನ ವ್ಯವಸ್ಥೆ ಆ ಸರಣಿಯ ಇತ್ತೀಚಿನ ಕೊಂಡಿ.

ಆದರೆ ಭಾರತಕ್ಕೆ ಬರುವ ವಿದೇಶಿ ಪ್ರವಾಸಿಯ ಪಾಲಿಗೆ ಈ ಕೊಂಡಿ ಬಹುಕಾಲ ಕಳಚಿಕೊಂಡೇ ಇತ್ತು. ಭಾರತೀಯ ಪುರಾತತ್ವ ಇಲಾಖೆ 2018ರಲ್ಲಿ ಪ್ರವೇಶ ದರಗಳನ್ನು ಪರಿಷ್ಕರಿಸಿದಾಗ ಹಂಪಿಯಂಥ ವಿಶ್ವ ಪರಂಪರೆಯ ತಾಣಗಳಲ್ಲಿ ವಿದೇಶಿಯರಿಗೆ 600 ರೂಪಾಯಿ, ನಗದುರಹಿತವಾಗಿ ಕೊಟ್ಟರೆ 550 ರೂಪಾಯಿ ಎಂದು ಗೊತ್ತುಮಾಡಿತು. ಹೊರನಾಡಿನ ಕಾರ್ಡಿನಿಂದ ಚೀಟಿ ಕೊಂಡು ಆ 50 ರೂಪಾಯಿ ಉಳಿಸಿದ ಪ್ರವಾಸಿ, ಬಿಸಿಲಿನಲ್ಲಿ ಸುತ್ತಿ ದಣಿದು ಎಳನೀರಿನ ಗಾಡಿಯ ಮುಂದೆ ನಿಂತರೆ ಅದೇ ಕಾರ್ಡು ಕೆಲಸಕ್ಕೆ ಬಾರದು. ಗಾಡಿಗೆ ತೂಗುಹಾಕಿದ ಕ್ಯೂಆರ್ ಕೋಡಿಗೆ ಊರಿನವರು ಫೋನು ಹಿಡಿದು ಕ್ಷಣದಲ್ಲಿ ಹಣ ಕೊಟ್ಟು ಹೋಗುತ್ತಾರೆ. ಪರದೇಶದವನ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಇದ್ದರೂ ಇಲ್ಲಿ ಅವನು ಕನ್ನಡದ ಇನ್ನೊಂದು ಅರ್ಥದಲ್ಲೂ 'ಪರದೇಶಿ'ಯೇ. ಕಾಸಿದ್ದರೆ ಕೈಲಾಸ ಎನ್ನುವ ಗಾದೆ ಇಲ್ಲಿ ಸುಳ್ಳಾಗುತ್ತದೆ.

ಹೀಗೇಕೆ? ಮೇಲ್ನೋಟಕ್ಕೆ ಇದು ಯಂತ್ರ, ತಂತ್ರಗಳ ತೊಡಕು. ಬುಡಕ್ಕೆ ಹೋದರೆ ಕಾಣುವುದು ಬಹಳ ಹಳೆಯ ಪ್ರಶ್ನೆ: ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದ ಮನುಷ್ಯನ ಹಣಕ್ಕೆ ಹೊಣೆ ನಿಲ್ಲುವವರು ಯಾರು?

ಚಿನಿವಾರನ ಚೀಟಿ

ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ ಅಲ್ಲಿನ ನಾಣ್ಯಗಳ ಲೆಕ್ಕವನ್ನು ಎಚ್ಚರದಿಂದ ಬರೆದಿಟ್ಟ. ಚಿನ್ನದಲ್ಲಿ ವರಾಹ, ಅದರ ಅರ್ಧ ಪ್ರತಾಪ, ಅದರ ಹತ್ತರಲ್ಲೊಂದು ಪಾಲು ಪಣ; ಬೆಳ್ಳಿಯಲ್ಲಿ ತಾರ; ತಾಮ್ರದಲ್ಲಿ ಜಿತಲ್. ಹೊರಗಿನಿಂದ ಬಂದವನಿಗೆ ಇವುಗಳ ತೂಕ, ಬೆಲೆ ತಿಳಿಯದಿದ್ದರೆ ಪೇಟೆಯಲ್ಲಿ ಹೆಜ್ಜೆ ಇಡುವಂತಿರಲಿಲ್ಲ. ಆಗ ನೆರವಿಗೆ ಬರುತ್ತಿದ್ದವನು ನಾಣ್ಯ ಪರೀಕ್ಷಿಸಿ ಬದಲಾಯಿಸಿಕೊಡುವ ಚಿನಿವಾರ. ಚಿನ್ನ ಬೆಳ್ಳಿಯ ಧಾರಣೆಗೆ ಕನ್ನಡ ಪತ್ರಿಕೆಗಳು ಕೊಡುತ್ತ ಬಂದ 'ಚಿನಿವಾರ ಪೇಟೆ' ಎಂಬ ತಲೆಬರಹದಲ್ಲಿ ಅವನ ಹೆಸರು ಉಳಿದುಕೊಂಡಿದೆ.

ಉತ್ತರದಲ್ಲಿ ಇವನೇ ಶರಾಫ. ಹದಿನೇಳನೆಯ ಶತಮಾನದಲ್ಲಿ ಭಾರತವನ್ನು ಹಲವು ಬಾರಿ ಸುತ್ತಿದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೇ, ಶರಾಫನಿಲ್ಲದ ಹಳ್ಳಿ ತೀರ ಚಿಕ್ಕದೇ ಆಗಿರಬೇಕು ಎಂಬರ್ಥದ ಮಾತು ಬರೆದಿದ್ದಾನೆ. ಶರಾಫ ನಾಣ್ಯ ಬದಲಾಯಿಸುವುದಷ್ಟೇ ಅಲ್ಲದೆ ಹುಂಡಿಯನ್ನೂ ಬರೆದುಕೊಡುತ್ತಿದ್ದ. ಆಗ್ರಾದಲ್ಲಿ ಹಣ ಕಟ್ಟಿ ಚೀಟಿ ಪಡೆದವನು ಅದನ್ನು ಸೂರತ್ತಿನಲ್ಲಿ ತೋರಿಸಿ ಹಣ ಪಡೆಯಬಹುದಿತ್ತು. ದಾರಿಯಲ್ಲಿ ದರೋಡೆಯಾದರೆ ಹೋಗುವುದು ಒಂದು ಕಾಗದ ಮಾತ್ರ. ಮನೆತನದ ಹೆಸರೇ ಅದಕ್ಕೆ ಜಾಮೀನು. ಆದರೆ ಆ ಹೆಸರನ್ನು ಬಲ್ಲವರ ವಲಯದ ಆಚೆಗೆ ಹುಂಡಿ ನಡೆಯುತ್ತಿರಲಿಲ್ಲ. ವ್ಯಾಪಾರಿಗೆ ಅದು ಸಾಕಿತ್ತು. ಊರೂರು ನೋಡುತ್ತ ಅಲೆಯುವ ಪ್ರವಾಸಿಗೆ ಸಾಲದು.

ಎರಡು ರುಜುಗಳ ಉಪಾಯ

ಯುರೋಪಿನಲ್ಲಿ ಈ ಕೊರತೆಯನ್ನು ತುಂಬಲು ಹೊರಟವನು ಸ್ಕಾಟ್ಲೆಂಡಿನ ರಾಬರ್ಟ್ ಹೆರೀಸ್. ಅವನ ಲಂಡನ್ನಿನ ಸಂಸ್ಥೆ 1772ರಲ್ಲಿ ಹೊರಡಿಸಿದ ಪತ್ರಗಳನ್ನು ಯುರೋಪಿನ ಸುಮಾರು 90 ನಗರಗಳಲ್ಲಿ ಹಣವಾಗಿ ಬದಲಾಯಿಸಿಕೊಳ್ಳಬಹುದಿತ್ತು. ನೂರು ವರ್ಷಗಳ ಬಳಿಕ, 1874ರಲ್ಲಿ, ಪ್ರವಾಸವನ್ನೇ ಉದ್ಯಮವಾಗಿಸಿದ ಥಾಮಸ್ ಕುಕ್ ಸಂಸ್ಥೆಯೂ ಇಂಥದೇ ಪತ್ರಗಳನ್ನು ಹೊರತಂದಿತು.

ಅಮೆರಿಕನ್ ಎಕ್ಸ್‌ಪ್ರೆಸ್ ಕಂಪೆನಿಯ ಅಧ್ಯಕ್ಷ ಜೇಮ್ಸ್ ಫಾರ್ಗೊ 1890ರ ಸುಮಾರಿಗೆ ಯುರೋಪ್ ಪ್ರವಾಸ ಹೋದಾಗ ದೊಡ್ಡ ನಗರಗಳ ಹೊರಗೆ ಅವನ ಬ್ಯಾಂಕ್ ಪತ್ರಗಳಿಗೆ ಬೆಲೆಯೇ ಸಿಗಲಿಲ್ಲ. ಅಷ್ಟು ದೊಡ್ಡ ಕಂಪೆನಿಯ ಯಜಮಾನನಿಗೇ ಈ ಗತಿಯಾದರೆ ಸಾಮಾನ್ಯ ಪ್ರವಾಸಿಯ ಪಾಡೇನು? ಊರಿಗೆ ಮರಳಿದ ಅವನು ಇದಕ್ಕೊಂದು ಪರಿಹಾರ ಹುಡುಕಲು ತನ್ನ ಕಂಪೆನಿಯ ಮಾರ್ಸೆಲಸ್ ಬೆರ್ರಿಗೆ ಹೇಳಿದ. ಬೆರ್ರಿ 1891ರಲ್ಲಿ ಕಂಡುಹಿಡಿದ ಉಪಾಯ ಬಹಳ ಸರಳ. ಚೆಕ್ಕು ಕೊಳ್ಳುವಾಗ ಒಂದು ರುಜು, ಹಣ ಪಡೆಯುವಾಗ ಎದುರಿನವನ ಮುಂದೆ ಇನ್ನೊಂದು ರುಜು. ಎರಡೂ ತಾಳೆಯಾದರೆ ಹಣ. ಹೊಣೆ ಕಂಪೆನಿಯದು. ಕಳೆದುಹೋದರೆ ಬದಲಿ ಚೆಕ್ಕು ಸಿಗುತ್ತಿತ್ತು.

ಇದೇ ಮುಂದೆ ಒಂದು ಶತಮಾನ ಕಾಲ ಪ್ರವಾಸಿಗರ ಕಿಸೆಯಲ್ಲಿದ್ದ ಟ್ರಾವೆಲರ್ಸ್ ಚೆಕ್. ಕಂಪೆನಿಗೂ ಇದು ಲಾಭದ ಬಾಬತ್ತು. ಪ್ರವಾಸಿ ಮುಂಗಡವಾಗಿ ಕಟ್ಟಿದ ಹಣ, ಅವನು ಚೆಕ್ಕು ಮುರಿಸುವವರೆಗೆ ಕಂಪೆನಿಯ ಬಳಿಯೇ ದುಡಿಯುತ್ತಿತ್ತು. ಆದರೂ ಭಾರತದಲ್ಲಿ ಅದನ್ನು ಮುರಿಸಬೇಕಾದರೆ ಬ್ಯಾಂಕಿಗೋ, ದೊಡ್ಡ ಹೋಟೆಲಿಗೋ, ಪರವಾನಗಿ ಪಡೆದ ವಿನಿಮಯ ಕಚೇರಿಗೋ ಹೋಗಬೇಕಿತ್ತು. ಎಳನೀರಿನವನಿಗೆ ಕೊನೆಗೆ ಸಲ್ಲುತ್ತಿದ್ದುದು ರೂಪಾಯಿ ನೋಟೇ.

ಯಂತ್ರವಿದ್ದಲ್ಲಿ ಮಾತ್ರ

1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್, 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕದ ಕಾರ್ಡು. ಹೀಗೆ ಪ್ಲಾಸ್ಟಿಕ್ ಹಣದ ಯುಗ ಬಂತು. ಭಾರತದಲ್ಲಿ ಸೆಂಟ್ರಲ್ ಬ್ಯಾಂಕ್ 1980ರಲ್ಲಿ ತನ್ನ ಕ್ರೆಡಿಟ್ ಕಾರ್ಡನ್ನು ಹೊರತಂದಿತು. ಕಾರ್ಡಿನ ಹಿಂದೆ ಒಂದು ಸರಪಣಿಯೇ ಇರುತ್ತದೆ: ಕಾರ್ಡು ಕೊಟ್ಟ ಬ್ಯಾಂಕು, ಅಂಗಡಿಯವನ ಬ್ಯಾಂಕು, ಇವೆರಡನ್ನು ಬೆಸೆಯುವ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲ. ಈ ಮೂವರ ಕೂಲಿ ಅಂಗಡಿಯವನ ಹಣದಿಂದಲೇ ಕಳೆಯುತ್ತದೆ. ಹೊರದೇಶದ ಕಾರ್ಡಾದರೆ ನೂರು ರೂಪಾಯಿಗೆ ಎರಡು ಮೂರು ರೂಪಾಯಿ ಹೋಗುವುದುಂಟು. ಮೇಲೆ ಯಂತ್ರದ ಖರ್ಚು ಬೇರೆ. ರೇಷ್ಮೆ ಸೀರೆಯ ಮಳಿಗೆಗೆ ಇದು ಭಾರವಲ್ಲ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನಿಗೆ ಆಗುವ ಮಾತಲ್ಲ. ಪ್ರವಾಸಿಯ ಹಣ ಹೋಟೆಲು, ಮಳಿಗೆಗಳಲ್ಲಿ ಸಲೀಸಾಗಿ ಖರ್ಚಾಗಿ, ರಸ್ತೆಬದಿಗೆ ಬರುವಷ್ಟರಲ್ಲಿ ಬತ್ತಿಹೋಗುವುದಕ್ಕೆ ಇದೂ ಒಂದು ಕಾರಣ.

ಈ ಯಂತ್ರದ ತಡೆಯನ್ನು ಕಿತ್ತುಹಾಕಿದ್ದು ಯುಪಿಐ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್‌ನಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಹಣ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತದೆ. ಅಂಗಡಿಯವನಿಗೆ ಬೇಕಾದುದು ಕ್ಯೂಆರ್ ಕೋಡಿನ ಒಂದು ಹಾಳೆ. ಜಪಾನಿನ ಡೆನ್ಸೊ ವೇವ್ ಕಂಪೆನಿ 1994ರಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕವಿಡಲು ರೂಪಿಸಿದ ಈ ಚೌಕಳಿ ಚಿತ್ರ ಹೀಗೆ ಸೊಪ್ಪಿನ ಗಾಡಿಗೂ ಏರಿತು.

ಆದರೆ ಯುಪಿಐಗೆ ಹೊಣೆ ನಿಂತಿರುವುದು ಭಾರತದ ಬ್ಯಾಂಕ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ. ಹೊರಗಿನವನಿಗೆ ಈ ಎರಡೂ ಇಲ್ಲ. ಅದೇ ವರ್ಷ ನವೆಂಬರ್ 8ರಂದು 500 ಮತ್ತು 1000 ರೂಪಾಯಿ ನೋಟುಗಳ ರದ್ದತಿ ಘೋಷಣೆಯಾದಾಗ ವಿದೇಶಿ ಪ್ರವಾಸಿಗರಿಗೆ ವಾರಕ್ಕೆ 5,000 ರೂಪಾಯಿಯಷ್ಟು ವಿನಿಮಯಕ್ಕೆ ಮಾತ್ರ ಅವಕಾಶ ಸಿಕ್ಕಿತು. ಅದಕ್ಕೂ ಪಾಸ್‌ಪೋರ್ಟಿನ ದಾಖಲೆ ಬೇಕಾಯಿತು. ನಗದೂ ಇಲ್ಲ, ನಗದಿಗೆ ಬದಲಿಯೂ ಇಲ್ಲ ಎಂಬ ಸ್ಥಿತಿ ಅದು.

ಪಾಸ್‌ಪೋರ್ಟೇ ಜಾಮೀನು

ಈ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ. ಜಿ-20 ಸಭೆಗಳಿಗೆ ಭಾರತ ಆತಿಥ್ಯ ವಹಿಸಿದ್ದ ಸಂದರ್ಭದಲ್ಲಿ, ಆ ದೇಶಗಳಿಂದ ಬರುವವರಿಗೆ ಮೊದಲು ಬೆಂಗಳೂರು, ಮುಂಬೈ, ದೆಹಲಿ ವಿಮಾನ ನಿಲ್ದಾಣಗಳಲ್ಲಿ 'ಯುಪಿಐ ಒನ್ ವರ್ಲ್ಡ್' ಎಂಬ ಸೌಲಭ್ಯ ದೊರೆಯಿತು. 2024ರಲ್ಲಿ ಅದನ್ನು ಇತರ ದೇಶಗಳ ಪ್ರವಾಸಿಗರಿಗೂ ವಿಸ್ತರಿಸಲಾಯಿತು.

ಇದು ಫೋನಿನೊಳಗಿನ ಒಂದು ಹಣದ ಚೀಲ. ಪ್ರವಾಸಿಯ ಪಾಸ್‌ಪೋರ್ಟ್ ಮತ್ತು ವೀಸಾಗಳನ್ನು ಕಣ್ಣಾರೆ ನೋಡಿ, ಅವನು ಕೊಟ್ಟ ವಿದೇಶಿ ಹಣಕ್ಕೆ ಸಮನಾದ ರೂಪಾಯಿಯನ್ನು ಈ ಚೀಲಕ್ಕೆ ತುಂಬಲಾಗುತ್ತದೆ. ಭಾರತದ ಬ್ಯಾಂಕ್ ಖಾತೆ ಬೇಕಿಲ್ಲ. ಉಳಿದ ಹಣವನ್ನು ಹೊರಡುವಾಗ ವಿದೇಶಿ ಹಣವಾಗಿ ಮರಳಿ ಪಡೆಯಬಹುದು. ಹಣವನ್ನು ಮೊದಲೇ ಕಟ್ಟುವುದು, ಗುರುತನ್ನು ಖಚಿತಪಡಿಸುವುದು, ಬೇಕಾದಾಗ ಬಿಡಿಬಿಡಿಯಾಗಿ ಖರ್ಚು ಮಾಡುವುದು. ನೋಡಿದರೆ ಇದು ಬೆರ್ರಿಯ ಚೆಕ್ಕಿನ ಮೊಮ್ಮಗನೇ. ಎರಡನೆಯ ರುಜುವಿನ ಜಾಗಕ್ಕೆ ಗುಪ್ತ ಸಂಖ್ಯೆ ಬಂದಿದೆ. ತಾತ ತಲುಪದಿದ್ದ ಎಳನೀರಿನ ಗಾಡಿಯನ್ನು ಮೊಮ್ಮಗ ತಲುಪಿದ್ದಾನೆ ಎಂಬುದು ದೊಡ್ಡ ವ್ಯತ್ಯಾಸ.

ಆದರೂ ಒಂದು ಕಟ್ಟು ಉಳಿದಿದೆ. ರಿಸರ್ವ್ ಬ್ಯಾಂಕು ಈ ಸೌಲಭ್ಯಕ್ಕೆ ಅನುಮತಿ ಕೊಟ್ಟಿದ್ದು ವ್ಯಾಪಾರಿಗಳಿಗೆ ಹಣ ಸಂದಾಯ ಮಾಡುವುದಕ್ಕೆ ಮಾತ್ರ. ವ್ಯಾಪಾರಿಯೆಂದು ನೋಂದಾಯಿಸಿಕೊಳ್ಳದೆ ಸ್ವಂತ ಖಾತೆಯ ಕೋಡನ್ನೇ ತೋರಿಸುವ ಹರಿಗೋಲಿನವನಿಗೆ, ಹೂವಿನವಳಿಗೆ ಈ ಹಣ ಸಂದಾಯವಾಗದು. ಅಕ್ರಮ ಹಣ ಸಾಗಣೆಯನ್ನು ತಡೆಯಲು ಇಂಥ ಕಟ್ಟು ಬೇಕು, ನಿಜ. ಆದರೆ ಅದರ ಭಾರ ಬೀಳುವುದು ಅತ್ಯಂತ ಚಿಕ್ಕ ಕೈಗಳ ಮೇಲೆ.

ಚೀನಾದ ಅನುಭವ

ಇಂಥದೇ ಇಕ್ಕಟ್ಟನ್ನು ಚೀನಾ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಂಡಿತು. ಅಲ್ಲಿ ಅಲಿಪೇ, ವಿಚಾಟ್‌ಗಳ ಬಳಕೆ ಎಷ್ಟು ಹಬ್ಬಿತೆಂದರೆ ಹಲವು ಅಂಗಡಿಗಳು ನೋಟನ್ನೇ ನಿರಾಕರಿಸತೊಡಗಿದವು. 2023ರಲ್ಲಿ ಈ ಎರಡೂ ಸಂಸ್ಥೆಗಳು ವಿದೇಶಿ ಕಾರ್ಡುಗಳನ್ನು ಜೋಡಿಸುವ ಏರ್ಪಾಡನ್ನು ಹಿಗ್ಗಿಸಿದವು. 2024ರಲ್ಲಿ ಒಂದು ಬಾರಿ ಕೊಡಬಹುದಾದ ಮೊತ್ತದ ಮಿತಿ 1,000 ಡಾಲರಿನಿಂದ 5,000 ಡಾಲರಿಗೆ ಏರಿತು. ಗಮನಿಸಬೇಕಾದುದು ಇದಕ್ಕಿಂತ ಮುಂದಿನ ಸಂಗತಿ. ನಗದನ್ನು ನಿರಾಕರಿಸಕೂಡದೆಂದು ಅಲ್ಲಿನ ಕೇಂದ್ರ ಬ್ಯಾಂಕು ವರ್ತಕರಿಗೆ ಎಚ್ಚರಿಕೆ ಕೊಟ್ಟಿತು. ಬ್ಯಾಂಕುಗಳು ಚಿಲ್ಲರೆ ನೋಟುಗಳ ಪೊಟ್ಟಣಗಳನ್ನೂ ಸಿದ್ಧಪಡಿಸಿ ಕೊಟ್ಟವು. ನಗದಿಲ್ಲದ ವ್ಯವಹಾರದಲ್ಲಿ ಮುಂಚೂಣಿಯಲ್ಲಿರುವ ದೇಶವೇ ಹೊರಗಿನವರಿಗಾಗಿ ನಗದಿನ ಬಾಗಿಲನ್ನು ತೆರೆದಿಡಬೇಕಾಯಿತು.

ಚಿನಿವಾರನಿಂದ ಯುಪಿಐವರೆಗಿನ ಈ ಕಥೆಯಲ್ಲಿ ಪ್ರತಿಯೊಂದು ಸಾಧನವೂ ಪ್ರವಾಸಿಯ ಹೊಣೆಯನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಿದೆ: ಮನೆತನದಿಂದ ಕಂಪೆನಿಗೆ, ಕಂಪೆನಿಯಿಂದ ಬ್ಯಾಂಕ್ ಜಾಲಕ್ಕೆ, ಅಲ್ಲಿಂದ ಪಾಸ್‌ಪೋರ್ಟಿಗೆ. ಪ್ರವಾಸಿಗೆ ಅನುಕೂಲವಾಯಿತೇ ಎಂದು ವಿಮಾನ ನಿಲ್ದಾಣದ ಕಟ್ಟೆಯಲ್ಲಿ ಕೇಳಿದರೆ ಸಿಗುವುದು ಅರ್ಧ ಉತ್ತರ. ಚಿಕ್ಕ ವ್ಯಾಪಾರಿಗಳನ್ನು ಖರ್ಚಿಲ್ಲದೆ, ಅಲೆದಾಟವಿಲ್ಲದೆ ನೋಂದಾಯಿಸುವ ಕೆಲಸ ಪ್ರವಾಸಿ ತಾಣಗಳಲ್ಲಿ ನಡೆಯಬೇಕು. ಅಲ್ಲಿಯವರೆಗೆ ಚಿಲ್ಲರೆ ನೋಟು ಸುಲಭವಾಗಿ ಕೈಗೆ ಸಿಗಬೇಕು. ಉಳಿದರ್ಧ ಉತ್ತರವನ್ನು ಕೊಡಬಲ್ಲವರು ಎಳನೀರು ಕೆತ್ತುವವರು ಮತ್ತು ಹರಿಗೋಲು ನಡೆಸುವವರು.